ಲಾಭದಿಂದ ಎಣಿಸುವ ಕಾಕಾ

ನಮ್ಮ ಕಾಕಾ ಬದುಕಿನಲ್ಲಿ ಯಾವ ಮಾತನ್ನೂ ಒಂದೇ ಸಲ ಹೇಳಿ ಬಿಟ್ಟವರಲ್ಲ. ಇದು ಮನೆಯವನ ಸಿಟ್ಟಿನ ಮಾತು ಎಂದು ತಿಳಿಯಬೇಡಿ, ನನ್ನ ಹತ್ತಿರ ಲೆಕ್ಕವಿದೆ. ಏಳನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು, "ದಿನಾ ನಾಕ ಸಾಲು ಬರಿ, ತಲಿ ನೆಟ್ಟಗ ಆಗತೈತಿ" ಎಂದಿದ್ದರು. ತಲೆ ನೆಟ್ಟಗಾಯಿತೋ ಇಲ್ಲವೋ ಹೇಳಲಾರೆ, ವಹಿಗಳು ಮಾತ್ರ ಒಂಬತ್ತಾದವು. ಎಡಗಡೆಯ ಪುಟಕ್ಕೆ ವಾರ, ತಿಥಿ, ಅಂದು ನಡೆದ ಸಂಗತಿ. ಬಲಗಡೆಯ ಪುಟಕ್ಕೆ ಎಣಿಕೆ: ಯಾರು ಯಾವ ಮಾತನ್ನು ಎಷ್ಟು ಸಲ ಅಂದರು ಎಂಬುದಕ್ಕೆ ನಿಂತ ಗೆರೆ ನಾಲ್ಕು, ಐದನೆಯದು ಅಡ್ಡ. ಮಾತನ್ನೇ ಯಾಕೆ ಎಣಿಸಬೇಕು? ನಮ್ಮ ಸೋನ್ಯಾಳದಲ್ಲಿ ಮಳೆ ಎಣಿಸುತ್ತ ಕೂತಿದ್ದರೆ ವಹಿ ಖಾಲಿಯೇ ಉಳಿಯುತ್ತಿತ್ತು. ಮಾತು ಧಾರಾಳ ಸಿಗುತ್ತಿತ್ತು.

ಕಾಕಾ ಎಂದರೆ ನನ್ನ ತೀರಿಹೋದ ಅಪ್ಪನ ತಮ್ಮ. ನಮ್ಮದು ಕಾಳಿನ ಅಂಗಡಿ. ರೈತರ ಕಣಕ್ಕೆ ಹೋಗಿ ಜೋಳ, ಸಜ್ಜೆ ಅಳೆದು ತರುವುದು ಅವರ ಕೆಲಸ. ಅಳೆಯುವವರ ರೀತಿ ನಿಮಗೆ ಗೊತ್ತಿರಬಹುದು. ನಾಲ್ಕು ಸೇರು ಹಿಡಿಯುವ ಪಾಯಲಿಯನ್ನು ರಾಶಿಗೆ ಹಾಕಿ, ತುಂಬಿ, ಚೀಲಕ್ಕೆ ಸುರಿಯುವ ತನಕ ಅದೇ ಸಂಖ್ಯೆಯನ್ನು ಬಾಯಲ್ಲಿ ಬಿಡದೆ ಹಿಡಿದಿರಬೇಕು. ಮೊದಲನೆಯದನ್ನು ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. "ಲಾಭ, ಲಾಭ, ಲಾಭ... ಎರಡು, ಎರಡು, ಎರಡು..." ಹೀಗೆ ಮೂವತ್ತು ವರ್ಷ ಅಂದ ಬಾಯಿ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ನೀರು ಬೇಕಾದರೆ "ನೀರು ತಾ, ನೀರು ತಾ" ಎಂದು ತಂಬಿಗೆ ಕೈಗೆ ಬರುವ ತನಕ ನಡೆಯುತ್ತಿತ್ತು. ಕುಡಿದು ತಂಬಿಗೆ ಕೆಳಗಿಟ್ಟ ಮೇಲೂ ಒಂದು ಸಲ "ನೀರು ತಾ" ಎಂದು ಬಾಯಿಂದ ಬೀಳುತ್ತಿತ್ತು. ಅವರಿಗೆ ಮದುವೆ ಆಗಿರಲಿಲ್ಲ. "ಒಂದ ಮಾತ ಸಾವಿರ ಸಲ ಕೇಳೂ ಹೆಣ್ಣು ಈ ತಾಲೂಕಿನಾಗ ಸಿಗಲಿಲ್ಲ" ಎಂದು ಅವ್ವ ಹೇಳುತ್ತಿದ್ದಳು. ಅವಳೂ ಇದನ್ನು ಕಡಿಮೆ ಸಲ ಹೇಳಿಲ್ಲ. ಲೆಕ್ಕವಿದೆ.

ಒಮ್ಮೆ ಒಂದು ಕಣದಲ್ಲಿ ಹತ್ತು ಪಾಯಲಿ ಸುರಿದಾಗ ಯಾರೋ ತಂಬಾಕು ಕೇಳಿದರು. ಕಾಕಾ ಚಂಚಿ ಬಿಚ್ಚಿ, ಸುಣ್ಣ ತಿಕ್ಕಿ ಕೊಟ್ಟು, ಮತ್ತೆ ರಾಶಿಗೆ ಕೈ ಹಾಕುವಾಗ "ಹನ್ನೊಂದಾತಲ್ಲ?" ಎಂದು ತಮಗೆ ತಾವೇ ಅಂದುಕೊಂಡರು. ಮುಂದಿನದನ್ನು ಹನ್ನೆರಡು ಅನ್ನತೊಡಗಿದರು. ನಾನು ವಹಿ ತೋರಿಸಿ, "ಕಾಕಾ, ಆದದ್ದು ಹತ್ತರಿ" ಎಂದೆ.

ಕಾಕಾ ಸುತ್ತ ನಿಂತವರನ್ನು ಕೇಳಿದರು: "ಎಷ್ಟ ಆಗಿತ್ತರೆಪಾ?"

"ಹನ್ನೊಂದು" ಎಂದರು ಐದು ಜನ, ಒಂದೇ ಕೊರಳಿನಲ್ಲಿ.

"ಅವರು ಎಣಿಸಿಲ್ಲರಿ, ನೀವು ಅಂದದ್ದು ಕೇಳಿ ಅನ್ನಾಕತ್ತಾರ."

"ಐದ ಮಂದಿ ಸುಳ್ಳ ಹೇಳತಾರೇನೋ ತಮ್ಮಾ?"

ಮನೆಗೆ ಬಂದು ನಾನು ಹಟ ಹಿಡಿದು ಅಳೆಸಿದೆ. ಒಂದು ಪಾಯಲಿ ಕಡಿಮೆ ಬಂತು. ಕಾಕಾ ಚೀಲವನ್ನು ಎತ್ತಿ ತಳ ನೋಡಿದರು. ಎಲ್ಲೂ ತೂತಿರಲಿಲ್ಲ. "ದಾರ್ಯಾಗ ಸೋರೈತಿ" ಎಂದರು. ರಾತ್ರಿ ಉಣ್ಣುವ ಹೊತ್ತಿಗೆ ಅವ್ವನೂ ಅಣ್ಣನೂ ಚೀಲ ಸೋರಿದ ಬಗ್ಗೆ ಚಿಂತೆ ಮಾಡುತ್ತಿದ್ದರು.

ನಕ್ಕು ಬಿಡಬೇಡಿ. ಇದರಲ್ಲಿ ನಾನೂ ಇದ್ದೇನೆ. ಬಸ್ಸು ನಿಲ್ಲುವ ಜಾಗದಲ್ಲಿ ಹೊಸ ಚಹಾದ ಹೋಟೆಲು ಆದಾಗ ನನ್ನ ವಹಿಯಲ್ಲಿ "ಚಹಾ ಭಾಳ ಚಲೋ ಇತ್ತು" ಎಂದು ಎರಡು ಸಲ ಬರೆದಿದೆ. ಆಮೇಲೆ ಕಾಕಾ ಸುರುಮಾಡಿದರು: "ಆ ಚಹಾ ಸುಟ್ಟ ನಾರತೈತಿ." ಹತ್ತೊಂಬತ್ತು ಸಲ ಅಂದರು. ಇಪ್ಪತ್ತನೆಯ ದಿನ ನಾನು ಬಶಿ ಎತ್ತಿ ಒಂದು ಗುಟುಕು ಕುಡಿದೆ. ಸುಟ್ಟ ವಾಸನೆ ಬಂತು. ಸುಳ್ಳಲ್ಲ, ಮೂಗಿಗೆ ಬಡಿಯಿತು. ಬಶಿ ಹಾಗೇ ಬಿಟ್ಟು ಬಂದೆ. ನಮ್ಮ ಅಂಗಡಿಯ ಎದುರು ಕೂತು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಚ್ಚುವ ಇಮಾಮಸಾಬನಿಗೆ ಈ ವಿಷಯ ಹೇಳಿದೆ. ಅವನು ಇದ್ದಿಲ ಬೆಂಕಿಗೆ ಭಾತೆ ಊದುವುದನ್ನು ನಿಲ್ಲಿಸಿ, "ಅರೆ, ನಿಮ್ಮ ಕಾಕಾ ಆ ಹೋಟೆಲ್ಲಿನ ಹೊಸ್ತಿಲಾ ಸುದ್ದಾ ದಾಟಿಲ್ಲೋ" ಎಂದ.

ಇಷ್ಟಾದರೆ ಇದು ಚಹಾದ ಕಥೆಯಾಗಿ ಮುಗಿಯುತ್ತಿತ್ತು. ಮುಗಿಯಲಿಲ್ಲ. ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಎರಡು-ಮೂರು ವರ್ಷವಾಗಿತ್ತು. ಅಣ್ಣನ ಮದುವೆಯಾಯಿತು. ದರಿಬಡಚಿಯಿಂದ ಅತ್ತಿಗೆ ಬಂದರು, ನಮ್ಮ ಕಡೆ ವೈನಿ ಅನ್ನುತ್ತೇವೆ. ಎತ್ತರದ ಹುಡುಗಿ, ನಡೆದರೆ ಕಾಲಗೆಜ್ಜೆಯ ಸಪ್ಪಳ ಅಡುಗೆಮನೆಯಿಂದ ಅಂಗಡಿಗೆ ಕೇಳುತ್ತಿತ್ತು. ಬಂದ ಎರಡನೆಯ ದಿನ ಹಗೇವು ತೆಗೆದರು. ಹಗೇವು ಎಂದರೆ ಅಂಗಳದ ನೆಲದೊಳಗಿನ ಕಾಳಿನ ಗುಂಡಿ. ಒಳಗೆ ನೀರು ಇಳಿದು ಜೋಳ ಕರ್ರಗೆ ಮುಗ್ಗಿ ಹೋಗಿತ್ತು. ಕಾಕಾ ಒಂದು ಹಿಡಿ ಎತ್ತಿ ಮೂಸಿ, ಅಂಗಳದಲ್ಲಿ ನೀರು ಹಾಕುತ್ತಿದ್ದ ವೈನಿಯ ಕಡೆ ನೋಡಿ, "ಸೊಸಿ ಕಾಲ್ಗುಣ ನೆಟ್ಟಗಿಲ್ಲ" ಎಂದರು. ಸಿಟ್ಟಿನಿಂದ ಅಲ್ಲ, ಸುಮ್ಮನೆ, ಹನ್ನೊಂದು ಅಂದ ಹಾಗೆ.

ಹಗೇವಿನ ಬಾಯಿಗೆ ಹಿಂದಿನ ವರ್ಷ ಕೆಸರು ಮೆತ್ತಿದವರು ಯಾರು? ಕಾಕಾ. ಅದೂ ನನ್ನ ವಹಿಯಲ್ಲಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಎಣಿಸುವುದು ನನ್ನ ಕೆಲಸ, ಆಡುವುದು ಅವರ ಕೆಲಸ ಎಂದು ನಾನು ತಿಳಿದಿದ್ದೆ.

ಆಮೇಲೆ ಆ ಮಾತು ಊರಿನ ಮೇಲೆ ಹೋಯಿತು. ಎತ್ತು ಕುಂಟಿದಾಗ ಕಾಕಾ ಅಂದರು. ಅವ್ವ ಬಾವಿಯ ಹತ್ತಿರ ಅಂದಳು. ಬಾವಿಗೆ ಬಂದವರು ತಂತಮ್ಮ ಮನೆಯಲ್ಲಿ ಅಂದರು. ಅವರ ಗಂಡಂದಿರು ಅಂಗಡಿಗೆ ಕಾಳಿಗೆ ಬಂದು, "ಹೌದೇನ್ರಿ ಸಾವಕಾರ, ನಿಮ್ಮ ಸೊಸಿ ಕಾಲ್ಗುಣ ನೆಟ್ಟಗಿಲ್ಲಂತ" ಎಂದು ಕಾಕಾನಿಗೇ ಹೇಳಿದರು. ಕಾಕಾ ತಲೆಯಾಡಿಸಿ, "ನೋಡ, ಊರಿಗೆ ಊರ ಅಂತೈತಿ" ಎಂದರು. ಒಂದು ದಿನ ಕಂದೀಲಿನ ಗಾಜು ಒಡೆಯಿತು. ಒಡೆದದ್ದು ನನ್ನ ಮೊಳಕೈ ತಗಲಿ. ಆದರೆ ಆ ದಿನದ ಎಡಗಡೆಯ ಪುಟದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, "ವೈನಿ ಕಂದೀಲು ಹಚ್ಚಲು ಬಂದರು, ಗಾಜು ಒಡೆಯಿತು" ಎಂದಿದೆ. ಬರೆಯುವಾಗ ನಾನು ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಒಂಬತ್ತು ವಹಿಗಳಲ್ಲಿ ನಾನು ಎಷ್ಟು ಸಲ ತಿರುಗಿ ನೋಡಿದರೂ ಕಣ್ಣು ಕೆಳಗೆ ಹಾಕುವ ಸಾಲು ಅದೊಂದೇ.

ವೈನಿ ಗೆಜ್ಜೆ ತೆಗೆದಿಟ್ಟರು. ಯಾರಾದರೂ ಹೊರಗೆ ಹೊರಟರೆ ಬಾಗಿಲ ಹಿಂದೆ ಸರಿದು, ಅವರು ಓಣಿ ದಾಟುವ ತನಕ ನಿಲ್ಲುತ್ತಿದ್ದರು. ಯುಗಾದಿಯ ಹೊತ್ತಿಗೆ ಮನೆಯಲ್ಲಿ ಮಾತು ಗಟ್ಟಿಯಾಯಿತು: ಬಸವ ಜಯಂತಿ ಆದ ಮೇಲೆ ಹುಡುಗಿಯನ್ನು ದರಿಬಡಚಿಗೆ ಕಳಿಸಿ ಅಲ್ಲೇ ಬಿಡುವುದು, ಅಣ್ಣನಿಗೆ ಬೇರೆ ಕಡೆ ನೋಡುವುದು. ಅಣ್ಣ ಏನಂದ ಎಂದು ಕೇಳುತ್ತೀರಾ? ಬಲಗಡೆಯ ಪುಟದಲ್ಲಿ ಅಣ್ಣನ ಹೆಸರಿನ ಮುಂದೆ ಹನ್ನೆರಡು ಗೆರೆಗಳಿವೆ. ಅವನೂ ಅದನ್ನೇ ಅಂದಿದ್ದ.

ಯುಗಾದಿ ಆಗಿ ಆರನೆಯ ದಿನ, ಮಂಗಳವಾರ, ನೆತ್ತಿ ಸುಡುವ ಮಧ್ಯಾಹ್ನ, ನಾನೂ ಕಾಕಾನೂ ಒಂದು ಕಣದಿಂದ ವಾಪಸು ಬರುತ್ತಿದ್ದೆವು. ಬಾವಿಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ವೈನಿ ಒಬ್ಬರೇ ನೀರು ಸೇದುತ್ತಿದ್ದರು.

"ಏನ ತಂಗಿ, ಇಂಥಾ ಬಿಸಲಾಗ ಬಂದಿ? ಮುಂಜಾನೆ ಎಲ್ಲಾರ ಜೋಡಿ ಬರಬಾರದಾ?" ಎಂದರು ಕಾಕಾ.

"ಮುಂಜಾನೆ ಮಂದಿ ಹೊಲಕ್ಕ ಹೊಂಟಿರತಾರ್ರಿ ಮಾವಾರ. ಎದುರ ಬರಬಾರದಲ್ರಿ."

"ಯಾಕ?"

"ನನ್ನ ಕಾಲ್ಗುಣ ನೆಟ್ಟಗಿಲ್ಲಲ್ರಿ." ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, "ನೆಟ್ಟಗಿಲ್ಲ ನೋಡ್ರಿ, ನೆಟ್ಟಗಿಲ್ಲ" ಎಂದರು.

ಅವರು ಅಳಲಿಲ್ಲ, ಮುನಿಸೂ ಇರಲಿಲ್ಲ. ತವರೂರು ಯಾವುದು ಎಂದು ಕೇಳಿದರೆ ಹೇಗೆ ಹೇಳುತ್ತಿದ್ದರೋ ಹಾಗೆ ಹೇಳಿದರು. ಆದರೆ ಆ ಧಾಟಿ ಕಾಕಾನದು. ಪಾಯಲಿ ತುಂಬುವ ಧಾಟಿ.

ಓಣಿಯ ತಿರುವಿನಲ್ಲಿ ಕಾಕಾ ನಿಂತು ಬಾವಿಯ ಕಡೆ ತಿರುಗಿ ನೋಡಿದರು. ಆಮೇಲೆ, "ಯಾವ ಮೂಳ ಹೇಳ್ಯಾನೋ ಆ ಹುಡಿಗಿಗೆ ಹಂಗ? ಯಾರದು ಮೊದಲ ಅಂದಾವ್ರು?" ಎಂದರು.

ನನಗೆ ಆಗ ಹದಿನೆಂಟು ವರ್ಷ. ಕೊನೆಗೂ ಒಬ್ಬರು ನನ್ನ ವಹಿಗೆ ಕೆಲಸ ಕೊಟ್ಟಿದ್ದರು. ಬೇವಿನ ಗಿಡದ ನೆರಳಿಗೆ ನಿಂತು ಪುಟ ತೆಗೆದೆ.

"ನೀವರಿ ಕಾಕಾ."

"ಹುಚ್ಚ, ಮಂದಿ ಅಂದದ್ದ ಕೇಳಿ ನಾ ಅಂದೀನಿ."

"ಅಲ್ಲರಿ. ನೀವು ಅಂದದ್ದ ಕೇಳಿ ಮಂದಿ ಅಂದಾರ. ಹಗೇವು ತೆಗದ ದಿನ, ಮುಂಜಾನೆ. ಅದರ ಹಿಂದಿನ ಪುಟದಾಗ ಯಾರದೂ ಒಂದ ಗೆರಿ ಇಲ್ಲ."

"ನಾ ಎಷ್ಟ ಸಲ ಅಂದೀನಿ?"

"ಅರವತ್ಮೂರು."

"ಹಗೇವಿಗೆ ಕೆಸರ ಮೆತ್ತಿದ್ದು?"

"ಅದೂ ನೀವರಿ." ನಾಲ್ಕನೆಯ ವಹಿಯಲ್ಲಿದೆ, ಬೇಕಾದರೆ ತಾರೀಖು ಹೇಳುತ್ತೇನೆ ಎಂದೂ ಸೇರಿಸಿದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಲೆಕ್ಕ ಸರಿ ಬಂದ ಖುಷಿಯಲ್ಲಿ ನಾನು ಅವರ ಮುಖವನ್ನೇ ನೋಡಿರಲಿಲ್ಲ.

ಮರುದಿನದ ಬಲಗಡೆಯ ಪುಟದಲ್ಲಿ ಕಾಕಾನ ಹೆಸರಿನ ಮುಂದೆ ಸೊನ್ನೆ ಇದೆ. ಆ ದಿನ ನೀರನ್ನೂ ಅವರು ಬಾಯಿಬಿಟ್ಟು ಕೇಳಲಿಲ್ಲ, ತಾವೇ ಎದ್ದು ಕುಡಿದರು.

ಅದರ ಮರುದಿನ ವೈನಿಯನ್ನು ಎದುರಿಗೆ ಕರೆದು ನಿಲ್ಲಿಸಿ ಹೊರಟು, ಅಂಗಡಿಯ ಬಾಗಿಲು ತೆರೆದು, ಇಮಾಮಸಾಬನಿಗೆ ಕೇಳುವ ಹಾಗೆ, "ಇವತ್ತ ಸೊಸಿ ಎದುರ ಬಂದಾಳ, ಚಲೋ ಆಗತೈತಿ" ಎಂದರು. ಆ ದಿನ ಏನೂ ಚಲೋ ಆಗಲಿಲ್ಲ. ಜತ್ತದ ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಕಾಕಾನಿಗೆ ಅಷ್ಟು ಸಾಕಾಯಿತು. "ನೋಡಿದೇನ, ಮೋಟಾರ ಟಾಯಮಕ್ಕ ಬಂತು. ಸೊಸಿ ಎದುರ ಬಂದಿದ್ಲು." ಕೋಳಿ ಮೊಟ್ಟೆ ಇಟ್ಟರೆ ಸೊಸೆ. ಟಪಾಲಿನವನು ಬಂದರೆ ಸೊಸೆ. ಇಮಾಮಸಾಬನ ಹಲ್ಲುನೋವು ನಿಂತದ್ದಕ್ಕೂ ಸೊಸೆ.

"ಸಾವಕಾರ, ನನ್ನ ಹಲ್ಲ ನಿಮ್ಮ ಸೊಸಿ ಕಿತ್ತಿಲ್ಲ. ಜತ್ತದ ಡಾಕ್ಟರ ಕಿತ್ತಾನ."

"ಡಾಕ್ಟರ ಮನ್ಯಾಗ ಸಿಕ್ಕ ಹೌದಿಲ್ಲೋ? ಆವತ್ತ ಆಕಿ ಎದುರ ಬಂದಿದ್ಲು."

"ಹೋದ ತಿಂಗಳ ಬ್ಯಾರೆ ಅಂತಿದ್ರಿ?"

"ನಾ ಅರವತ್ಮೂರ ಸಲ ಅಂದೀನಿ. ಈಗ ಅರವತ್ನಾಕ ಸಲ ಇದನ್ನ ಅಂತೀನಿ. ಮುಗೀತು."

ಪ್ರತಿ ಸಂಜೆ ನನ್ನ ಹತ್ತಿರ ಬಂದು ಕೂತು, "ಎಷ್ಟಾತು ತಮ್ಮಾ?" ಎಂದು ಕೇಳುವರು. ಒಂಬತ್ತನೆಯ ದಿನಕ್ಕೆ ಅರವತ್ತನಾಲ್ಕು ತುಂಬಿತು. ಅಷ್ಟರಲ್ಲಿ ಅವ್ವ ಮನಸ್ಸು ಬದಲಿಸಿರಲಿಲ್ಲ, ಅಣ್ಣನೂ ಬದಲಿಸಿರಲಿಲ್ಲ. "ಮಂದಿದೂ ಸೇರಸಬೇಕಾಗಿತ್ತು" ಎಂದು ಕಾಕಾ ಮತ್ತೆ ಸುರುಮಾಡಿದರು. ಈಗ ಕಣಕ್ಕೆ ಹೋಗುವಾಗ ವೈನಿಯನ್ನೂ ಕರೆದುಕೊಂಡು ಹೋಗುವರು. ರಾಶಿಯ ಮುಂದೆ ಅವರನ್ನು ನಿಲ್ಲಿಸಿ, ಮೊದಲ ಹಿಡಿ ಪಾಯಲಿಗೆ ಹಾಕಿಸಿ, "ಲಾಭ, ಲಾಭ, ನಮ್ಮ ಸೊಸಿ ಕೈ, ಲಾಭ" ಅನ್ನುವರು. ರೈತರಿಗೆ ಮೊದಮೊದಲು ಮುಜುಗರ. ಬಸವ ಜಯಂತಿಯ ಹೊತ್ತಿಗೆ ಒಬ್ಬ ತಾನಾಗಿ, "ಸಾವಕಾರ, ನಿಮ್ಮ ಸೊಸಿನ್ನ ಕರಕೊಂಡ ಬರ್ರಿ, ಆಕಿ ಕೈಗುಣ ಭಾಳ ಚಲೋ ಅಂತ" ಎಂದ. ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ದರಿಬಡಚಿಗೆ ಕಳಿಸುವ ಮಾತು ತಾನಾಗಿ ಕರಗಿತು. ಯಾರೂ ಅದನ್ನು ರದ್ದು ಮಾಡಲಿಲ್ಲ, ಹಾಗೊಂದು ಮಾತು ಇತ್ತು ಎನ್ನುವುದೇ ಎಲ್ಲರಿಗೂ ಮರೆತುಹೋಯಿತು.

ಒಂದು ದಿನ ಅವ್ವನಿಗೆ, "ನೀನೂ ಅಂತಿದ್ದೆಲ್ಲವ್ವಾ, ಕಾಲ್ಗುಣ ನೆಟ್ಟಗಿಲ್ಲಂತ" ಎಂದೆ. ರೊಟ್ಟಿ ಬಡಿಯುವ ಕೈ ನಿಂತಿತು. "ನಾ ಯಾವಾಗ ಅಂದಿನೋ? ಬಂಗಾರದಂಥಾ ಸೊಸಿಗೆ" ಎಂದಳು. ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನಲವತ್ತೊಂದು ಸಲ ಎಂದು ಹೇಳಲು ಬಾಯಿ ತೆರೆದವನು ಬೇವಿನ ಗಿಡದ ನೆರಳನ್ನು ನೆನೆಸಿಕೊಂಡು ಮುಚ್ಚಿದೆ.

ಎಲ್ಲರಿಗೂ ಮರೆತುಹೋಯಿತು ಎಂದೆನಲ್ಲ, ಒಬ್ಬರನ್ನು ಬಿಟ್ಟು. ವೈನಿ ಕರೆದರೆ ಬರುತ್ತಿದ್ದರು, ನಿಲ್ಲಿಸಿದಲ್ಲಿ ನಿಲ್ಲುತ್ತಿದ್ದರು, ಹಿಡಿ ಕಾಳು ಹಾಕುತ್ತಿದ್ದರು. ಯಾರೂ ಕರೆಯದ ದಿನ ಬಾಗಿಲ ಹಿಂದೆಯೇ ಇರುತ್ತಿದ್ದರು. ನೀರಿಗೆ ಮಧ್ಯಾಹ್ನವೇ ಹೋಗುತ್ತಿದ್ದರು. ಗೆಜ್ಜೆ ಪೆಟ್ಟಿಗೆಯಲ್ಲೇ ಇತ್ತು. ಮಗ ಹುಟ್ಟಿದ, ನಡೆಯಲು ಕಲಿತ, ಆದರೂ ಅವನು ಹೊರಗೆ ಹೊರಟಾಗ ತಾಯಿ ಬಾಗಿಲ ಹಿಂದೆ ಸರಿಯುತ್ತಿದ್ದಳು. ಊರಿಗೆ ಒಂದು ಬೇಸಿಗೆ ಸಾಕಾಗಿತ್ತು. ಅವರಿಗೆ ಎಷ್ಟು ಸಲ ಬೇಕಿತ್ತೋ ಕಾಕಾನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಕಾ ಅನ್ನುತ್ತಲೇ ಹೋದರು. ಐದು ವರ್ಷ, ನಾಲ್ಕು ವಹಿ. ಸಂಜೆಯ ಪ್ರಶ್ನೆ ತಪ್ಪಲಿಲ್ಲ: "ಎಷ್ಟಾತು ತಮ್ಮಾ?" ಸಂಖ್ಯೆ ಹೇಳಿದರೆ ಬಾಗಿಲ ಕಡೆ ನೋಡಿ, "ಇನ್ನೂ ತುಂಬಿಲ್ಲ" ಅನ್ನುವರು.

ಹೋದ ಮಾರ್ಗಶಿರದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಿಗೆ ಬಿತ್ತು. ಮೂವತ್ತೈದು ವರ್ಷ ಬಿಡದೆ ಆಡಿದ ಬಾಯಿ ಒಂದು ಕಡೆಗೆ ವಾಲಿ ಸುಮ್ಮನಾಯಿತು. ಪಡಸಾಲೆಯಲ್ಲಿ ಬಾಗಿಲು ಕಾಣುವ ಹಾಗೆ ಹಾಸಿಗೆ ಹಾಕಿದ್ದೆವು. ಹದಿನೇಳನೆಯ ದಿನ ಮುಂಜಾನೆ ಉಸಿರು ಎಳೆಯತೊಡಗಿತು. ಜತ್ತದಿಂದ ಡಾಕ್ಟರರನ್ನು ಕರೆತರಲು ಅಣ್ಣ ಹೊರಟ. ಬಸ್ಸಿಗೆ ಹೊತ್ತಾಗಿತ್ತು. ಅಂಗಳದಲ್ಲಿ ಓಣಿಯ ಹೆಂಗಸರು, ಗೋಡೆಗೆ ಆತು ಇಮಾಮಸಾಬ. ಅವ್ವ, "ಯಾರರೆ ತುಂಬಿದ ಕೊಡ ತಗೊಂಡ ಎದುರ ಬರ್ರೆವ್ವಾ" ಎಂದಳು. ವೈನಿ ಬಾಗಿಲ ಹಿಂದೆ ಇದ್ದರು. ಯಾರೂ ಅವರ ಹೆಸರು ಹಿಡಿಯಲಿಲ್ಲ. ಅಂಥ ದಿನ ಯಾರಿಗೂ ಆ ಧೈರ್ಯವಿರಲಿಲ್ಲವೋ ಏನೋ.

ಕಾಕಾನ ಕಣ್ಣು ಆ ಬಾಗಿಲ ಮೇಲೆ ಇತ್ತು. ತುಟಿ ಅಲುಗುತ್ತಿತ್ತು. ಸಪ್ಪಳ ಬರುತ್ತಿರಲಿಲ್ಲ. ಏನು ಅನ್ನುತ್ತಿದ್ದಾರೆ ಎಂದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು.

ವೈನಿ ಹಿತ್ತಲಿಗೆ ಹೋದರು. ಕೊಡ ತುಂಬಿಕೊಂಡು, ಹಿತ್ತಲ ಕಡೆಯಿಂದ ಓಣಿ ಬಳಸಿ, ಮುಂಬಾಗಿಲಿನ ಎದುರಿಗೆ ಬಂದು, ಅಣ್ಣನ ಮುಂದೆ ನಿಂತರು. ಕರೆಯದೆ ಬಂದದ್ದು ಅದೇ ಮೊದಲು. "ನಾ ಎದುರ ಬಂದೀನ್ರಿ. ಹೋಗಿ ಬರ್ರಿ" ಎಂದರು. ಅಣ್ಣ ಕೊಡದ ನೀರನ್ನು ಕಣ್ಣಿಗೆ ಒತ್ತಿಕೊಂಡು ಹೋದ.

ಕಾಕಾ ನನ್ನ ಕಡೆ ತಿರುಗಿದರು. ಎಡಗೈಯ ಒಂದು ಬೆರಳು ಎದ್ದಿತು. ಎಷ್ಟಾತು ಎಂದು ಕೇಳಿದರೋ, ಇದನ್ನು ಬರೆದುಕೋ ಎಂದರೋ. ನಾನು ತಲೆಯಾಡಿಸಿದೆ. ಬೆರಳು ಮಡಚಿತು.

ಡಾಕ್ಟರು ಬರುವ ಮುಂಚೆ ಉಸಿರು ನಿಂತಿತ್ತು.

ಮಧ್ಯಾಹ್ನ ಅಂಗಳ ತುಂಬಿತ್ತು. ಅಳು ಒಂದಿಷ್ಟು ತಗ್ಗಿದಾಗ ಹೆಂಗಸರ ನಡುವಿನಿಂದ ಸಣ್ಣ ದನಿಯೊಂದು ಕೇಳಿತು: "ಮುಂಜಾನೆ ಎದುರ ಬಂದಾಕಿ ಯಾರ?" ಅಷ್ಟೇ, ಒಂದೇ ಸಲ. ಉಳಿದವರು ಕೇಳಿದರೋ ಇಲ್ಲವೋ, ನನ್ನ ಕಿವಿಗೆ ಬಿತ್ತು, ನಾನು ಅದಕ್ಕೇ ಬೆಳೆಸಿದ ಕಿವಿ. ವೈನಿಗೂ ಬಿತ್ತು. ಕಾಕಾನ ತಲೆಯ ಹತ್ತಿರ ಕೂತಿದ್ದ ಅವರು ಮೆಲ್ಲಗೆ ಎದ್ದರು, ಕೈ ಬಾಗಿಲ ಚೌಕಟ್ಟಿಗೆ ಹೋಯಿತು.

ನನ್ನ ವಹಿಗಳಲ್ಲಿ ಊರಿನ ಎಲ್ಲರ ಮಾತುಗಳೂ ಇವೆ. ಬಲಗಡೆಯ ಪುಟದಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ.

"ವೈನಿ ಎದುರ ಬಂದ್ರು" ಎಂದೆ. ಎಲ್ಲರೂ ತಿರುಗಿ ನೋಡಿದರು. "ವೈನಿ ಎದುರ ಬಂದ್ರು, ಕಾಕಾ ಕಣ್ತುಂಬ ನೋಡಿ ಹೋದ್ರು."

ಮತ್ತೊಮ್ಮೆ ಅಂದೆ. ಗೋಡೆಗೆ ಆತಿದ್ದ ಇಮಾಮಸಾಬ ಟೊಪ್ಪಿಗೆ ಸರಿಮಾಡಿಕೊಂಡು, "ಹೌದು, ನಾನೂ ನೋಡೀನಿ. ಸೊಸಿ ಎದುರ ಬಂದ್ಲು, ಸಾವಕಾರ ಕಣ್ತುಂಬ ನೋಡಿ ಹೋದ್ರು" ಎಂದ. ಅವ್ವ ಬಾಯಿಂದ ಸೆರಗು ತೆಗೆದು ಅದನ್ನೇ ಅಂದಳು. ನಾನು ಮತ್ತೆ ಅಂದೆ. ಚೌಕಟ್ಟಿನ ಮೇಲಿದ್ದ ಕೈ ಅಲ್ಲೇ ಉಳಿಯಿತು. ವೈನಿ ಹಿಂದೆ ಸರಿಯಲಿಲ್ಲ.

ಈಗ ಪಾಯಲಿ ಅಂಗಡಿಯ ಮೂಲೆಯಲ್ಲಿ ಬೋರಲು ಬಿದ್ದಿದೆ. ಅದನ್ನು ಎತ್ತಲು ನನಗೆ ಇನ್ನೂ ಕೈ ಬಂದಿಲ್ಲ. ಆ ಸಂಜೆ ವಹಿ ತೆಗೆದು ಕೂತೆ. ಎಷ್ಟಾತು ಎಂದು ಕೇಳುವವರು ಇರಲಿಲ್ಲ. ಬಲಗಡೆಯ ಪುಟದಲ್ಲಿ ಕಾಕಾನ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ, ಅದರ ಮುಂದೆ ಮೊದಲ ನಿಂತ ಗೆರೆ ಎಳೆದೆ. ಎಳೆಯುವಾಗ ಬಾಯಿಂದ ಒಂದು ಎಂದು ಬರಲಿಲ್ಲ. ಲಾಭ ಎಂದೇ ಬಂತು.